ಹೊನಲು ಬೆಳಕಿನ ಕಬಡ್ಡಿಗೆ ನಾ ಹಳೇ ನಿಕಾನ್ ಡಿ500 ಕ್ಯಾಮೆರಾ ಆರಿಸಿಕೊಂಡಿದ್ದು ಹೆಂಗ

ಕ್ರಾಪ್ ಸೆನ್ಸರ್‌ದು (ಸಣ್ಣ ಸೆನ್ಸರ್) ಹಳೇ ಡಿಎಸ್ಎಲ್ಆರ್ (ಒಳಗ ಕನ್ನಡಿ ಇರೋ ಕ್ಯಾಮೆರಾ) ತಗೋತೀನಿ ಅಂದಾಗ ಬಾಗಲಕೋಟಿ ನವನಗರದಾಗ ನನ್ನ ಮಾತಿಗೆ ಹೂಂ ಅಂದವ್ರು ಒಬ್ಬರೂ ಇರಲಿಲ್ಲ. ಮದುವಿ ಆರ್ಡರ್ ಮಾಡೋ ಗೆಳ್ಯಾರೆಲ್ಲಾ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗಿ ಆಗಿತ್ತು, ಲ್ಯಾಬಿಗೆ ಆಲ್ಬಂ ಕೊಡಾಕ ಹೋದ್ರ ಅಲ್ಲಿಯೂ ಅದೇ ಮಾತು, "ಯಾಕೋ ತಮ್ಮಾ ಆ ಹಳೇ ಡಬ್ಬಾ, ನಾಳೆ ಕೆಟ್ರ ಪಾರ್ಟ್ಸ್ ಸಿಗೂದಿಲ್ಲ". ಈಗ ಎರಡು ಸೀಸನ್ ಮುಗದಾವ. ಮುಧೋಳ ಸೈಡ್ ಒಂದೂರಾಗ ಜಾತ್ರಿ ಕಬಡ್ಡಿ ತಗದಿದ್ದೆ, ರೈಡರ್ ಮೂರು ಮಂದಿ ಕೆಳಗ ಸಿಕ್ಕೊಂಡು ನಡುಗೆರಿಗೆ ಕೈ ಚಾಚ್ಯಾನ, ಬೆರಳಿಗೂ ಗೆರಿಗೂ ಒಂದಿಂಚು ಅಂತರ ಐತಿ, ಉಗರಾಗಿನ ಮಣ್ಣು ಸುದ್ದಾ ಎದ್ದು ಕಾಣತೈತಿ. ಆ ಫೋಟೋನ ಕಮಿಟಿಯವ್ರು ಈ ವರ್ಷ 20 ಅಡಿ ಫ್ಲೆಕ್ಸ್ ಮಾಡಿಸಿ ಊರ ಅಗಸಿಗೆ ಹಚ್ಚಿದ್ರು. ಅದನ್ನ ನೋಡಿ ಬಂದ ಮ್ಯಾಲೆ, ಬ್ಯಾಡ ಅಂದಿದ್ದ ಮೂರು ಮಂದಿ ಫೋನ್ ಮಾಡಿ ಯಾವ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ) ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಹೇಳೋದ್ರಕಿಂತ ಒಂದೇ ಸಲ ಬರದಬಿಡೋಣು ಅಂತ ಕುಂತೀನಿ. ಶಟರ್, ಐಎಸ್ಒ ಅಂದ್ರೇನು ಅನ್ನೋದನ್ನ ಹೇಳಂಗಿಲ್ಲ, ಇದು ರಾತ್ರಿ ಮ್ಯಾಚಿಗೆ ನಿಂತು ಕೈ ಸುಟ್ಟುಕೊಂಡವ್ರಿಗೆ.

ಮೊದಲು ಕಳಕೊಂಡಿದ್ದು ಹೇಳತೀನಿ. ಶುರುವಿಗೆ ನನ್ನ ಹತ್ರ ಇದ್ದದ್ದು ಸೆಕೆಂಡಿಗೆ 5 ಫ್ರೇಮ್ ಹೊಡೆಯೋ ಸಣ್ಣ ಬಾಡಿ, ಲೆನ್ಸ್ ಮಾತ್ರ ಛಲೋದು, ಹಳೇ 70-200 ಎಫ್2.8. ಹಗಲ ಮ್ಯಾಚಿಗೆ ನಡೀತಿತ್ತು. ರಾತ್ರಿ ರೈಡರ್ ಒಳಗ ಹೋಗೋತನಕ ಫೋಕಸ್ ಇರತಿತ್ತು, ಅವ ತಿರುಗಿ ನನ್ನ ಕಡೆ ಓಡಿ ಬಂದ ಅಂದ್ರ ಮುಗೀತು, ಹಿಂದ ಕುಂತ ಮಂದಿ ಮೀಸಿ ಶಾರ್ಪ್, ಇವನ ಮಾರಿ ಮಂಜು. ಅದಕ್ಕಿಂತ ದೊಡ್ಡ ತ್ರಾಸು ಬಫರ್‌ದು (ಫೋಟೋ ಕಾರ್ಡಿಗೆ ಹೋಗೋತನಕ ಕ್ಯಾಮೆರಾ ಹಿಡಕೊಂಡಿರೋ ಜಾಗ), ಮೂರು ಸೆಕೆಂಡ್ ಒತ್ತಿ ಹಿಡದ್ರ ಕ್ಯಾಮೆರಾ ಕುಂತಬಿಡತಿತ್ತು, ಹಿಡಿತ ಬಿಡಿಸಿಕೊಂಡು ಜಿಗಿಯೋ ಗಳಗಿ ಯಾವಾಗಲೂ ನಾಕನೇ ಸೆಕೆಂಡಿಗೇ ಬರತಿತ್ತು.

ಆಮೇಲೆ ನಾಯ್ಸ್ ನಾಯ್ಸ್ (ಕತ್ತಲ್ಯಾಗ ಹೊಡದ ಫೋಟೋದಾಗ ಬರೋ ಕಾಳು ಕಾಳು) ಅಂತ ಎಲ್ಲಾರೂ ಅಂದಿದ್ದಕ್ಕ 62 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್‌ನಾಗ ಫುಲ್ ಫ್ರೇಮ್ (ದೊಡ್ಡ ಸೆನ್ಸರಿಂದು) ತಗೊಂಡೆ. ಅದರಾಗ ಐಎಸ್ಒ 6400 ಬೆಣ್ಣಿ ಹಂಗ ಬರತಿತ್ತು, ಖರೇನ. ಆದ್ರ ಫೋಕಸ್ ಪಾಯಿಂಟ್ ಎಲ್ಲಾ ನಡುವ ಗುಂಪಾಗಿ ಕುಂತಿದ್ವು. ಕಬಡ್ಡಿ ಅಂಕಣ 13 ಮೀಟರ್ ಉದ್ದ, ರೈಡರ್ ಮೂಲಿಗೆ ಹೋಗತಾನ, ಕಾರ್ನರ್‌ದವ ಕಾಲಿಗೆ ಬೀಳತಾನ, ಆಟ ನಡ್ಯೋದೇ ಫ್ರೇಮಿನ ಅಂಚಿಗೆ. ನಡುವ ಇಟ್ಟು ಹೊಡದು ಆಮೇಲೆ ಕ್ರಾಪ್ ಮಾಡೋದಾದ್ರ ಫುಲ್ ಫ್ರೇಮ್ ಯಾಕ ಬೇಕ್ರಿ? ಎಂಟು ತಿಂಗಳು ಇಟ್ಟುಕೊಂಡು ಮಾರಿದೆ, ಹೆಚ್ಚುಕಮ್ಮಿ 14 ಸಾವಿರ ಹೋತು.

ಮೂರನೇದ್ದು ಬಾಡಿಗಿ. ಬೆಳಗಾವಿಯಿಂದ ಮೂರು ದಿನಕ್ಕ ಮಿರರ್‌ಲೆಸ್ ಮತ್ತ ಅದರದೇ 70-200 ತಂದೆ, ಹೋಗಿ ಬರೋ ಖರ್ಚು ಸೇರಿ 7 ಸಾವಿರದ ಹತ್ರ ಆತು. ಮುಖ ಹಿಡಿಯೋದ್ರಾಗ ಅದಕ್ಕ ಕೈ ಮುಗೀಬೇಕು. ಆದ್ರ ಸೈಲೆಂಟ್ ಶಟರ್ ಹಾಕಿ ಎಲ್ಇಡಿ ಫೋಕಸ್ ಲೈಟಿನ ಕೆಳಗ ಹೊಡದ್ರ ಫೋಟೋ ತುಂಬ ಕರೀ ಪಟ್ಟಿ, ಇಳಕಲ್ ಸೀರಿ ದಡಿ ಹಂಗ ಒಂದರ ಕೆಳಗ ಒಂದು. ಸೆನ್ಸರ್ ಮ್ಯಾಲಿಂದ ಕೆಳಗ ಸಾಲಾಗಿ ಓದೋದು ನಿಧಾನ, ಅಷ್ಟರಾಗ ಲೈಟು ಎಷ್ಟೋ ಸಲ ಮಿಣುಕಿರತೈತಿ, ಅದಕ್ಕ ಹಂಗ. ಮೆಕ್ಯಾನಿಕಲ್ ಶಟರ್‌ಗೆ ಹಾಕಿದ ಮ್ಯಾಲೆ ಪಟ್ಟಿ ಕಡಿಮಿ ಆದ್ವು. ಸ್ಟ್ಯಾಕ್ಡ್ ಸೆನ್ಸರ್ (ಭಾಳ ಜೋರ ಓದೋದು) ಇರೋ ಬಾಡಿಗೆ ಈ ತ್ರಾಸು ಭಾಳ ಕಡಿಮಿ, 2017ರಾಗ ಸೋನಿ ಎ9 ಬಂದಾಗಿಂದ ಆ ದಾರಿ ಐತಿ, ರೊಕ್ಕ ಇದ್ದವ್ರು ಅದಕ್ಕ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ನನಗ ಬಾಡಿ ಜೋಡಿ ಲೆನ್ಸೂ ಬದಲಿ ಮಾಡಬೇಕಂದ್ರ ಎರಡು ಲಕ್ಷದ ಮ್ಯಾಲೆ ಹೊಂಟಿತ್ತು, ಆಗ ಒಂದು ರಾತ್ರಿ ಮ್ಯಾಚಿಗೆ ಕಮಿಟಿ ಕೊಡತಿದ್ದದ್ದು ಮೂರೂವರಿ ಸಾವಿರ.

ಅವಾಗ ಸ್ಪೆಕ್ ಓದೋದು ಬಿಟ್ಟೆ. ನಂದೇ ಒಂದು ಪರೀಕ್ಷಾ ಮಾಡಿಕೊಂಡೆ, ಈಗೂ ಯಾವ ಬಾಡಿ ಕೈಗೆ ಬಂದ್ರೂ ಅದನ್ನೇ ಮಾಡತೀನಿ. ನಮ್ಮ ಓಣ್ಯಾಗ ಒಬ್ಬ ಹುಡುಗ ಅದಾನ, ಜಿಲ್ಲಾ ಲೆವೆಲ್ ರೈಡರ್. ಸಂಜಿ ಏಳರ ಮ್ಯಾಲೆ ಸಾಲಿ ಮೈದಾನದಾಗ ಎರಡೇ ಲೈಟ್ ಇರತಾವ, ಅಲ್ಲಿ ಅವನಿಗೆ 15 ಮೀಟರ್ ದೂರದಿಂದ ನನ್ನ ಮೈಮ್ಯಾಲೆ ಓಡಿ ಬಾ ಅಂತೀನಿ, ಸೀದಾ ಬರಬಾರದು, ಎಡಕ್ಕ ಬಲಕ್ಕ ಹೊಯ್ದಾಡಕೋತ ಬರಬೇಕು, ನಡುವ ಇನ್ನೊಬ್ಬ ಹುಡುಗ ಅಡ್ಡ ದಾಟಬೇಕು. ಹತ್ತು ಸಲ ಓಡಸ್ತೀನಿ, ಸಲಕ್ಕ ಹತ್ತು ಫ್ರೇಮ್, ಒಟ್ಟು ನೂರು. ಮನಿಗೆ ಬಂದು ಕಂಪ್ಯೂಟರ್‌ನಾಗ ನೂರು ಪರ್ಸೆಂಟ್‌ಗೆ ಹಿಗ್ಗಿಸಿ ಜೆರ್ಸಿ ನಂಬರಿನ ಹೊಲಗಿ ಕಾಣತೈತಿಲ್ಲೋ ಅಂತ ನೋಡೋದು. ಹೊಲಗಿ ಕಂಡ್ರ ಪಾಸ್, ಇಲ್ಲಂದ್ರ ನಪಾಸ್, ನಡುವಿಂದು ಯಾವುದೂ ಇಲ್ಲ. ಸಣ್ಣ ಬಾಡಿಗೆ ಬಂದದ್ದು 35ರ ಸನೇ, ಫುಲ್ ಫ್ರೇಮ್‌ಗೆ 50 ಮುಟ್ಟಲಿಲ್ಲ, ಬಾಡಿಗಿ ಮಿರರ್‌ಲೆಸ್‌ಗೆ 70 ಇರಬೇಕು, ಅಡ್ಡ ದಾಟಿದ ಹುಡುಗನ ಹಿಂದ ಹೋಗಿಬಿಡತಿತ್ತು ಅದು. ಬೆಳಗಾವಿಯಾಗ ಪೇಪರ್ ಫೋಟೋಗ್ರಾಫರ್ ಅಣ್ಣಾ ಒಬ್ರು ಅದಾರ, ಅವರು "ಎರಡು ದಿನ ಇಟ್ಕೋ, ನೋಡಿ ಹೇಳು" ಅಂತ ತಮ್ಮ ನಿಕಾನ್ ಡಿ500 ಕೊಟ್ರು. ಅದಕ್ಕ 80ರ ಹತ್ರ ಬಂತು. ನಂಬಿಕಿ ಬರಲಿಲ್ಲ, ಮರುದಿನ ಮತ್ತ ಓಡಿಸಿದೆ, ಒಂದೆರಡು ಆಚೆ ಈಚೆ ಅಷ್ಟೇ. ಆ ಹುಡುಗನಿಗೆ ಎರಡು ಪ್ಲೇಟ್ ಎಗ್ ರೈಸ್ ಕೊಡಿಸಿದೆ.

ಯಾಕ ಹಂಗ ಅಂತ ಆಮೇಲೆ ತಿಳೀತು. 2016ರಾಗ ಬಂದ ಬಾಡಿ, 20.9 ಮೆಗಾಪಿಕ್ಸೆಲ್, ಆದ್ರ 153 ಫೋಕಸ್ ಪಾಯಿಂಟ್ ಫ್ರೇಮಿನ ಎಡದಂಚಿಂದ ಬಲದಂಚಿನತನಕ ಹರಡ್ಯಾವ, ಅದರಾಗ 99 ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರಿ ಹಿಡಿಯೋವು). ರೈಡರ್ ಮೂಲಿಗೆ ಹೋದ್ರೂ ಅಲ್ಲೊಂದು ಪಾಯಿಂಟ್ ಇರತೈತಿ. ಸೆಕೆಂಡಿಗೆ 10 ಫ್ರೇಮ್, ಎಕ್ಸ್‌ಕ್ಯೂಡಿ ಅನ್ನೋ ಜೋರ ಮೆಮೊರಿ ಕಾರ್ಡ್ ಹಾಕಿದ್ರ 200 ರಾ ಫೈಲ್ (ಸೆನ್ಸರಿಂದ ಬಂದ ಹಸೀ ಫೋಟೋ) ಒಂದೇ ದಮ್ಮಿಗೆ. ರೈಡ್ ಅಂದ್ರ 30 ಸೆಕೆಂಡು, ಹಿಡಿತದ ಗದ್ದಲ ಅದರಾಗ ಐದಾರು ಸೆಕೆಂಡು, ಬಟನ್ ಒತ್ತಿ ಕುಂತ್ರೂ ಬಫರ್ ತುಂಬಂಗಿಲ್ಲ. ನನ್ನ 200 ಎಂಎಂ ಲೆನ್ಸು ಕ್ರಾಪ್‌ನಾಗ 300ರ ಕೆಲಸ ಮಾಡತೈತಿ. ಮೆಗಾಪಿಕ್ಸೆಲ್ ಕಡಿಮಿ ಆತಲ್ಲಾ ಅಂದವ್ರಿಗೆ ಅಗಸ್ಯಾಗಿನ ಫ್ಲೆಕ್ಸ್ ತೋರಿಸತೀನಿ.

ಅಣ್ಣಾ ತಮ್ದು ಮಾರೋದಿಲ್ಲ ಅಂದ್ರು. ಹುಡುಕಾಡಿದ್ರಾಗ ಒಂದು ಸಲ ಮೋಸ ಹೋದೆ, ಆನ್‌ಲೈನ್‌ನಾಗ 40 ಸಾವಿರ ಅಂತ ಹೇಳಿ 2 ಸಾವಿರ ಅಡ್ವಾನ್ಸ್ ಹಾಕಿಸಿಕೊಂಡವ ಮರುದಿನದಿಂದ ಫೋನ್ ಎತ್ತಲಿಲ್ಲ. ಅವತ್ತಿಂದ ಕೈಯಾಗ ಹಿಡದು ನೋಡದ ಒಂದ್ರೂಪಾಯಿ ಕೊಡಂಗಿಲ್ಲ. ಕಡಿಗೆ ಹುಬ್ಬಳ್ಳ್ಯಾಗ ಸಿಕ್ತು, 58 ಸಾವಿರ, ಶಟರ್ ಕೌಂಟ್ (ಇಲ್ಲಿತನಕ ಎಷ್ಟು ಫೋಟೋ ಹೊಡದೈತಿ ಅನ್ನೋ ಲೆಕ್ಕ) 1,12,000. ನಿಕಾನ್ ಈ ಶಟರ್ ಟೆಸ್ಟ್ ಮಾಡಿರೋದು 2 ಲಕ್ಷಕ್ಕ, ಅಂದ್ರ ಅರ್ಧದ ಮ್ಯಾಲೆ ಮುಗದಿತ್ತು, ಅದನ್ನೇ ಹಿಡಕೊಂಡು 64 ಸಾವಿರದಿಂದ ಇಳಿಸಿದೆ. ಕೌಂಟ್ ಅವರ ಬಾಯಿಲೆ ಕೇಳಬ್ಯಾಡ್ರಿ, ಅಲ್ಲೇ ಒಂದು ಫೋಟೋ ಹೊಡದು ಫೈಲಿನಿಂದ ತಗೀರಿ. ಬ್ಯಾಟರಿ ಮೆನುದಾಗ ಬ್ಯಾಟರಿ ವಯಸ್ಸು 0ಯಿಂದ 4ರತನಕ ತೋರಿಸತೈತಿ, ನಂದು 3 ಇತ್ತು, ಹಂಗಾಗಿ ಒಂದು ಹೊಸಾ ಬ್ಯಾಟರಿ ಅವರೇ ಕೊಟ್ರು. ಬಿಳೀ ಗ್ವಾಡಿಗೆ ಎಫ್16 ಇಟ್ಟು ಹೊಡದು ಸೆನ್ಸರ್ ಧೂಳು ನೋಡಿದೆ. ಹೆಬ್ಬೆರಳಿನ ಕಡೆ ರಬ್ಬರ್ ಎದ್ದಿತ್ತು, ಅದು ನೂರಿನ್ನೂರು ರೂಪಾಯಿ ಕೆಲಸ. ಕಾರ್ಡು ಮಾತ್ರ ತುಟ್ಟಿ, 64 ಜಿಬಿ ಎಕ್ಸ್‌ಕ್ಯೂಡಿ ಮತ್ತ ರೀಡರ್ ಹಳೇವು ತಗೊಂಡ್ರೂ 9 ಸಾವಿರ ಆತು. 2020ರ ಕಡಿಗೆ ಬಂದ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಹಾಕಿದ್ರ ಸಿಎಫ್ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡೂ ಓಡತೈತಿ, ಎರಡನೇ ಕಾರ್ಡ್ ಅದನ್ನೇ ತಗೊಂಡೆ.

ಮೊದಲನೇ ರಾತ್ರಿ ಇನ್ನೊಂದು ಎಡವಟ್ಟಾತು. ಒಂದು ಫ್ರೇಮ್ ಛಲೋ, ಮುಂದಿಂದು ಕತ್ತಲಿ, ಅದರ ಮುಂದಿಂದು ಹಳದಿ. ಕರೆಂಟ್ 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಏರಿ ಇಳೀತೈತಿ, ನಾ 1/1000ಕ್ಕ ಹೊಡದ್ರ ಏರಿದಾಗ ಸಿಗತೈತೋ ಇಳದಾಗ ಸಿಗತೈತೋ ಯಾರಿಗೆ ಗೊತ್ತು. ಡಿ500 ಮೆನುದಾಗ ಫ್ಲಿಕರ್ ರಿಡಕ್ಷನ್ ಐತಿ, ಹಾಕಿದ್ರ ಲೈಟು ಏರಿದ ಗಳಗಿಗೇ ಶಟರ್ ಬಿಡತೈತಿ, ಸ್ಪೀಡ್ ಒಂಚೂರು ಇಳೀತೈತಿ ಆದ್ರ ಕಲರ್ ಒಂದೇ ತರ. ಇದೊಂದು ಇಲ್ಲದ ಬಾಡಿನ ರಾತ್ರಿ ಆಟಕ್ಕ ತಗೋಬ್ಯಾಡ್ರಿ ಅಂತ ನಾ ಖಡಾಖಂಡಿತ ಹೇಳತೀನಿ. ಕ್ಯಾನನ್ ಕಡೇದವ್ರಿಗೆ 2014ರ 7ಡಿ ಮಾರ್ಕ್ 2ರಾಗ ಇದು ಬಂದೈತಿ, 10 ಫ್ರೇಮ್, 65 ಪಾಯಿಂಟೂ ಕ್ರಾಸ್ ಟೈಪ್, ಕ್ಯಾನನ್ ಲೆನ್ಸ್ ಮನ್ಯಾಗಿದ್ರ ಅದನ್ನೇ ನೋಡ್ರಿ.

ಇದರ ಬೆನ್ನು ಹತ್ತಿ ಲೈಟಿನವ್ರ ಕೂಡನೂ ಒಂದು ಪ್ರಯೋಗ ಮಾಡಿದೆ. ಒಂದೂರಾಗ ಎಲ್ಲಾ ಲೈಟೂ ಜನರೇಟರಿನ ಒಂದೇ ಫೇಸಿಗೆ ಹಾಕಿದ್ರು. ಕಾಕಾ, ಕಂಬಕ್ಕ ಮೂರು ಲೈಟ್ ಅದಾವಲ್ಲಾ, ಒಂದೊಂದನ್ನ ಒಂದೊಂದು ಫೇಸಿಗೆ ಹಾಕ್ರಿ ಅಂದೆ. ಒಂದು ಇಳದಾಗ ಇನ್ನೊಂದು ಏರಿರತೈತಿ, ಮೂರೂ ಕೂಡಿ ಬೆಳಕು ಸಮ ಆಗತೈತಿ. ಮೊದಲು ಬೈದ್ರು, ಆಮೇಲೆ ಲೋಡೂ ಸಮ ಆಗತೈತಿ ಅಂತ ತಿಳದು ಮಾಡಿಕೊಟ್ರು. ನಡು ಅಂಕಣದಾಗ ಮಿಣುಕು ಭಾಳ ಕಡಿಮಿ ಆತು, ಮೂಲ್ಯಾಗ ಒಂದೇ ಲೈಟಿನ ಬೆಳಕು ಬೀಳೋ ಕಡೆ ಮಾತ್ರ ಹಂಗೇ ಉಳೀತು.

ಲೆನ್ಸಿನ ವಿಷಯ ಒಂದೇ ಮಾತು, 70-200 ಇಲ್ಲದವ್ರು 85 ಎಂಎಂ ಎಫ್1.8 ಲೆನ್ಸ್ ಹಾಕಿ ಎಂಡ್ ಲೈನ್ ಹಿಂದ ಕುಂದರ್ರಿ. ಎಫ್2.8ಕ್ಕ ಐಎಸ್ಒ 6400 ಬೇಕಾಗೋ ಕಡೆ ಎಫ್2ಕ್ಕ 3200 ಸಾಕು. ಫೋಕಸ್ ಹೆಬ್ಬೆರಳಿನ ಕಡೆ ಇರೋ ಎಎಫ್ ಆನ್ ಬಟನ್‌ಗೆ ಹಚ್ಚೀನಿ, ಪಾಯಿಂಟ್ 25ರ ಗುಂಪು. ಅಡ್ಡ ಬಂದವನ ಕಡೆ ಫೋಕಸ್ ಜಿಗೀಬಾರದು ಅಂತ ಲಾಕ್ ಆನ್‌ದಾಗ ಎರಡು ಸೆಟಿಂಗ್ ಅದಾವ, ಅವುಗಳ ನಂಬರ್ ಮಾತ್ರ ಇಲ್ಲಿ ಬರಿಯಂಗಿಲ್ಲ, ಅದಕ್ಕ ನಾ ಒಂದು ಸೀಸನ್ ಪೂರಾ ಕೊಟ್ಟೀನಿ.

ಇದೇ ಬಾಡಿ ಹಿಡಕೊಂಡು ವಿಜಯಪುರದ ಸಿದ್ದೇಶ್ವರ ಜಾತ್ರ್ಯಾಗ ಜಂಗೀ ಕುಸ್ತಿಗೂ ಹೋದೆ. ಅಲ್ಲಿ ಕಷ್ಟ ಬ್ಯಾರೇನೇ. ಪೈಲವಾನರಿಬ್ಬರೂ ಮೈಗೆ ಮಣ್ಣು ಬಡಕೊಂಡಿರತಾರ, ಎಣ್ಣಿ, ಅರಿಷಿಣ, ಮಜ್ಜಿಗಿ ಹಾಕಿ ಹದ ಮಾಡಿದ ಮಣ್ಣು, ನೆಲ ಯಾವುದು ಬೆನ್ನು ಯಾವುದು ಕ್ಯಾಮೆರಾಕ್ಕ ತಿಳ್ಯೂದಿಲ್ಲ, ಲೆನ್ಸ್ ಹಿಂದ ಮುಂದ ಹುಡುಕಾಡಕೋತ ಇರತೈತಿ. ಬೆನ್ನು ಬಿಟ್ಟು ಕಿವಿಗೆ, ಇಲ್ಲಾ ಲಂಗೋಟಿ ಅಂಚಿಗೆ ಪಾಯಿಂಟ್ ಇಡ್ರಿ, ಟಪ್ ಅಂತ ಕೂಡತೈತಿ. ಆ ಮಣ್ಣು ಎಣ್ಣಿದಿರತೈತಿ, ಬ್ರಷ್‌ಲೆ ತಿಕ್ಕಿದ್ರ ಮೆತ್ತಿಕೊಂಡು ಬಿಡತೈತಿ, ಗಾಳಿ ಪಂಪ್ ಹೊಡದು ಆಮೇಲೆ ಒಣಾ ಹತ್ತಿ ಬಟ್ಟಿ. ಅಖಾಡದಾಗ ಲೆನ್ಸ್ ಬದಲಿ ಮಾಡಲೇಬ್ಯಾಡ್ರಿ, ನಾ ಒಂದು ಸಲ ಮಾಡಿ ಸೆನ್ಸರ್ ಕ್ಲೀನಿಂಗ್‌ಗೆ 1,500 ಕೊಟ್ಟೀನಿ.

ನಮ್ಮ ಬಾಗಲಕೋಟಿ, ವಿಜಯಪುರ ಎರಡೂ ಜಿಲ್ಲೆ ಸೈಕ್ಲಿಂಗ್ ಹುಡುಗೋರಿಗೆ ಹೆಸರಾದವು, ಅದನ್ನೂ ತಗದೆ. ಅಲ್ಲಿ 1/1000 ಇಟ್ರ ಸೈಕಲ್ ನಿಂತಂಗ ಕಾಣತೈತಿ. 1/60ಕ್ಕ ಇಳಿಸಿ ಸೈಕಲ್ ಜೋಡಿ ಸೊಂಟ ತಿರುಗಿಸಕೋತ ಹೊಡೀಬೇಕು, ಹತ್ತಕ್ಕ ಒಂದು ಬಂದ್ರ ಪುಣ್ಯೇ, ಆದ್ರ ಬಂದದ್ದರಾಗ ಗಾಲಿ ಸುತ್ತತಿರತಾವ, ಹುಡುಗನ ಹಲ್ಲು ಕಚ್ಚಿದ್ದು ನಿಂತಿರತೈತಿ. ಇದಕ್ಕ 10 ಫ್ರೇಮಿನ ಬಾಡೀನೇ ಬೇಕಂತಿಲ್ಲ, ಹಳೇ ಸಣ್ಣದರಾಗೂ ಬರತಿತ್ತು.

ಮೊದಲ ಸೀಸನ್ 22 ರಾತ್ರಿ ಮ್ಯಾಚ್ ಸಿಕ್ವು, ಪೆಟ್ರೋಲು ಊಟ ತಗದು ಬಾಡಿ ರೊಕ್ಕ ಬಂತು. ಎರಡನೇ ಸೀಸನ್ ನಾಕು ಸಾವಿರ ಕೇಳಿದೆ, ಕೊಟ್ರು. ಈಗ ಶಟರ್ ಕೌಂಟ್ 1,85,000 ಆಗೈತಿ, ಮ್ಯಾಚಿಗೆ 500ರಂತೆ ಶಟರ್ ಬದಲಿಗೆ ಬ್ಯಾರೇ ಎತ್ತಿಡಾಕತ್ತೀನಿ. ಅಷ್ಟರಾಗ ವಿಜಯಪುರದಾಗ ಇನ್ನೊಂದು ಡಿ500 ಐತಿ, ಶಟರ್ 60 ಸಾವಿರಾನೂ ಓಡಿಲ್ಲ ಅಂತ ಸುದ್ದಿ ಬಂತು. ಭಾನುವಾರ ಸಂಜೀಕ ಹೊಂಟೀನಿ, ಓಡಾಕ ಅದೇ ಹುಡುಗನ್ನ ಕರಕೊಂಡು.