ಸ್ಲಿಂಗ್ ಹರಿಯುವುದನ್ನು ಹೆಡ್‌ಸೆಟ್‌ನಲ್ಲಿ ಕಲಿಸಿದ್ದು: ನನ್ನ ಅನುಭವ

ಒಂದು ಟನ್ ತೂಕದ ವಾಲ್ವ್ ಬಾಡಿಯನ್ನು ಎರಡು ಕಾಲಿನ ಸ್ಲಿಂಗ್ (ಕ್ರೇನ್ ಹುಕ್‌ಗೆ ಸಿಕ್ಕಿಸಿ ಭಾರ ಎತ್ತುವ ಬೆಲ್ಟ್) ಹಾಕಿ ಎತ್ತಿದರೆ ಒಂದೊಂದು ಕಾಲಿಗೆ ಎಷ್ಟು ಭಾರ? ಯಾರನ್ನು ಕೇಳಿದರೂ ಅರ್ಧ ಟನ್ ಅಂತಾರೆ. ಕಾಲುಗಳು ನೆಟ್ಟಗೆ ಇಳಿಬಿದ್ದಿದ್ದರೆ ಅದು ಸರಿ. ಆದರೆ ಸ್ಲಿಂಗ್ ನೆಲದ ಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಕಾಲಿಗೆ 577 ಕೆಜಿ, 45 ಡಿಗ್ರಿಗೆ 707 ಕೆಜಿ. 30 ಡಿಗ್ರಿಗೆ ಇಳಿಯಿತೋ, ಒಂದೊಂದು ಕಾಲೂ ಪೂರ್ತಿ ಒಂದು ಟನ್ ಎಳೆತ ತಡೆದುಕೊಳ್ಳಬೇಕು. ಇದನ್ನು ನಾನು ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದಿದ್ದೇನೆ. ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಕೆಳಗೆ ಹೋಗಿ ಅದೇ ಗಿಡ್ಡ ಸ್ಲಿಂಗನ್ನು ಅಗಲಕ್ಕೆ ಎಳೆದು ಕಟ್ಟುತ್ತಾರೆ, ಯಾಕಂದ್ರೆ ಉದ್ದದ್ದು ಬೇಕೆಂದರೆ ಸ್ಟೋರ್ ತನಕ ನಡೆಯಬೇಕು.

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ತರಬೇತಿ ಮತ್ತು ಸುರಕ್ಷತೆ ನನ್ನ ಕೆಲಸ. ಈ ಭಾಗದಲ್ಲಿ ಇಂಥ ಘಟಕಗಳು ಬಹಳ. ಕುಂದಗೋಳ, ಕಲಘಟಗಿ, ನವಲಗುಂದ ಕಡೆಯಿಂದ ಐಟಿಐ ಮುಗಿಸಿದ ಹುಡುಗರು ಬರುತ್ತಾರೆ. ಚುರುಕಾಗಿಯೇ ಇರುತ್ತಾರೆ. ಆದರೆ ಸ್ಲಿಂಗ್ ಹರಿದು ಬಿದ್ದಿದ್ದನ್ನು ಅವರು ನೋಡಿಲ್ಲ, ನಿಜವಾಗಿ ತೋರಿಸಲು ನನ್ನಿಂದಲೂ ಆಗುವುದಿಲ್ಲ. ವಿಆರ್ (ವರ್ಚುವಲ್ ರಿಯಾಲಿಟಿ, ಹೆಡ್‌ಸೆಟ್ ಹಾಕಿದರೆ ಕಂಪ್ಯೂಟರ್ ಕಟ್ಟಿದ ಜಾಗದೊಳಗೇ ನಿಂತ ಹಾಗೆ ಕಾಣುವುದು) ಕಡೆ ನಾನು ಹೋದದ್ದು ಇಷ್ಟಕ್ಕೇ.

ಮೊದಲು ಸಿದ್ಧ ಪ್ಯಾಕೇಜ್ ಒಂದರ ಡೆಮೊ ನೋಡಿದೆವು. ಹೊಳೆಯುವ ನೆಲ, ಯಾವುದೋ ತೈಲ ಸ್ಥಾವರ, ಇಂಗ್ಲಿಷ್‌ನಲ್ಲಿ ಉಪದೇಶ ಮಾಡುವ ಒಂದು ಹೆಣ್ಣು ಧ್ವನಿ. ಚೆನ್ನಾಗಿಯೇ ಇತ್ತು, ನಮ್ಮದಲ್ಲ ಅಷ್ಟೇ. ನಮ್ಮ ಕ್ರೇನ್ ಬೇಯಲ್ಲಿ (ಕ್ರೇನ್ ಓಡಾಡುವ ಅಂಕಣ) ಹಳದಿ ಗೆರೆಯ ಮೇಲೇ ಪ್ಯಾಲೆಟ್ ಇಟ್ಟಿರುತ್ತಾರೆ. ಆ ಪ್ಯಾಲೆಟ್ ಇಲ್ಲದ ಶಾಪ್ ತೋರಿಸಿದರೆ ಹುಡುಗ ಅದನ್ನು ಗೇಮ್ ಅಂತಲೇ ಆಡುತ್ತಾನೆ. ಹಾಗಾಗಿ ನಮ್ಮದೇ ಶೆಡ್ ಕಟ್ಟಿಸೋಣ ಎಂದು, ಇಲ್ಲೇ ಇಂಜಿನಿಯರಿಂಗ್ ಓದಿ ಯೂನಿಟಿ (ಗೇಮ್, ವಿಆರ್ ಕಟ್ಟುವ ಸಾಫ್ಟ್‌ವೇರ್) ಕಲಿತಿದ್ದ ಒಬ್ಬ ಹುಡುಗನನ್ನು ಹಿಡಿದೆ.

ವಾಲ್ವ್‌ಗಳ ಕ್ಯಾಡ್ ಫೈಲ್ (ಕಂಪ್ಯೂಟರ್‌ನಲ್ಲಿ ಬಿಡಿಸಿದ ಡಿಸೈನ್) ನಮ್ಮಲ್ಲಿ ಮೊದಲೇ ಇತ್ತು, ಅರ್ಧ ಕೆಲಸ ಆಯಿತು ಅಂದುಕೊಳ್ಳಬೇಡಿ. ಕ್ಯಾಡ್ ಫೈಲನ್ನು ಹಾಗೇ ಹಾಕಿದರೆ ಆಕಾರವೆಲ್ಲ ಲಕ್ಷಗಟ್ಟಲೆ ಪುಟ್ಟ ತ್ರಿಕೋನಗಳಾಗುತ್ತವೆ. ಕ್ವೆಸ್ಟ್ 2 ಥರದ ಹೆಡ್‌ಸೆಟ್ ಒಳಗೆ ಇರುವುದು ಮೊಬೈಲ್ ಜಾತಿಯ ಚಿಪ್, ಅದು ಸೆಕೆಂಡಿಗೆ 72 ಚಿತ್ರವಾದರೂ ಕೊಡಬೇಕು, ಅದೂ ಎರಡು ಕಣ್ಣಿಗೂ ಬೇರೆ ಬೇರೆ. ಚಿತ್ರ ತಡವರಿಸಿದರೆ ತಲೆ ತಿರುಗುತ್ತದೆ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಒಳಗಿನ ಥ್ರೆಡ್, ಸೀಟ್, ಬೋಲ್ಟ್ ಎಲ್ಲ ಕಿತ್ತು ಹಾಕಿ ಹೊರಗಿನ ಆಕಾರ ಮಾತ್ರ ಉಳಿಸಿದೆವು. ಗೋಡೆ, ನೆಲ, ಎಣ್ಣೆ ಕಲೆ ಎಲ್ಲಾ ಫೋನ್ ಫೋಟೋ. ಪ್ಯಾಲೆಟ್ ಕೂಡ ಗೆರೆಯ ಮೇಲೇ ಇಟ್ಟೆವು!

ಚಿತ್ರಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಸದ್ದು. ನಮ್ಮದೇ ಕ್ರೇನ್‌ನ ಹಾರ್ನ್, ಭಾರ ಎತ್ತುವ ಹಾಯ್ಸ್ಟ್ ಮೋಟಾರ್ ಕಚ್ಚುವಾಗಿನ ಆ ಕಟ್ ಎನ್ನುವ ಶಬ್ದ, ಪಕ್ಕದ ಗ್ರೈಂಡರ್, ಎಲ್ಲ ರೆಕಾರ್ಡ್ ಮಾಡಿ ಹಾಕಿದೆವು. ಸೂಚನೆ ಕೊಡುವ ದನಿ ನಮ್ಮ ಹಿರಿಯ ಕ್ರೇನ್ ಆಪರೇಟರ್‌ದು. "ಏ ತಮ್ಮಾ, ಲೋಡ್ ಕೆಳಗ್ಯಾಕ ನಿಂತಿ? ಹಿಂದ ಸರಿ" ಅಂತ ಅವರು ಬೈದರೆ ಹೆಡ್‌ಸೆಟ್ ಹಾಕಿದವರು ನಿಜವಾಗಿಯೂ ಹಿಂದೆ ಸರಿಯುತ್ತಾರೆ.

ಆಟ ಸರಳ. ನೀವೇ ಸ್ಲಿಂಗ್ ಆರಿಸಿ ಕಟ್ಟಬೇಕು, ಎತ್ತಲು ಸನ್ನೆ ಕೊಡಬೇಕು. ಕೋನ ಕಡಿಮೆಯಾದಂತೆ ಬೆಲ್ಟ್ ಬಣ್ಣ ಬದಲಾಗಿ ಕೆಜಿ ಲೆಕ್ಕ ಕಾಣುವ ಹಾಗೆ ಮಾಡೋಣ ಎಂದು ಹುಡುಗ ಹೇಳಿದ. ಬೇಡ ಎಂದೆ. ನಿಜದ ಬೆಲ್ಟ್ ಬಣ್ಣ ಬದಲಿಸುವುದಿಲ್ಲ, ಅಲ್ವಾ? ಲೆಕ್ಕ ಆಮೇಲೆ ಬೋರ್ಡ್ ಮೇಲೆ ಬರಲಿ. ಒಳಗೆ ಮಾತ್ರ ಗಿಡ್ಡ ಸ್ಲಿಂಗ್ ಹಾಕಿ ಎತ್ತಿದರೆ ಮೊಣಕಾಲೆತ್ತರದಲ್ಲಿ ಚೂಪು ಅಂಚಿಗೆ ಬೆಲ್ಟ್ ಉಜ್ಜುತ್ತದೆ, ಸ್ವಲ್ಪ ಹೊತ್ತಿಗೆ ಹರಿಯುತ್ತದೆ. ವಾಲ್ವ್ ಬಾಡಿ ನಿಮ್ಮ ಕಡೆಗೆ ವಾಲುತ್ತದೆ, ಪರದೆ ಕಪ್ಪಾಗುತ್ತದೆ. ರಕ್ತ ತೋರಿಸಿ ಎಂದವರೂ ಇದ್ದರು, ನಾನು ಒಪ್ಪಲಿಲ್ಲ. ಹೆದರಿದ ಮನುಷ್ಯನಿಗೆ ಹೆದರಿಕೆ ನೆನಪಿರುತ್ತದೆ, ಸ್ಲಿಂಗ್ ಯಾಕೆ ಹರಿಯಿತು ಅನ್ನುವುದು ನೆನಪಿರುವುದಿಲ್ಲ.

ಎರಡನೆಯ ಪಾಠ ಲಾಕ್ಔಟ್, ಅಂದರೆ ರಿಪೇರಿಗೆ ಮೊದಲು ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕುವುದು. ಇಲ್ಲಿ ಸ್ವಿಚ್ ಹತ್ತಿರ ನಿಲ್ಲುವವರು ನೀವಲ್ಲ, ಶಾಟ್ ಬ್ಲಾಸ್ಟ್ ಮಷಿನ್ (ಉಕ್ಕಿನ ಕಾಳು ಎರಚಿ ಲೋಹದ ಮೈ ಶುಚಿ ಮಾಡುವುದು) ಒಳಗೆ ಬ್ಲೇಡ್ ಬದಲಿಸುತ್ತಿರುವವರು ನೀವು. ಹೊರಗೆ ಯಾರೋ ಬಂದು ಪ್ಯಾನೆಲ್ ಮುಂದೆ ನಿಲ್ಲುವ ಹೆಜ್ಜೆ ಸದ್ದು ಕೇಳುತ್ತದೆ. ನಿಮ್ಮ ಬೀಗ ಪ್ಯಾನೆಲ್ ಮೇಲೆ ಇದ್ದರೆ ಅವನು ಗೊಣಗಿಕೊಂಡು ಹೋಗುತ್ತಾನೆ. ಇಲ್ಲದಿದ್ದರೆ ಮೋಟಾರ್ ಸದ್ದು ಶುರುವಾಗುತ್ತದೆ, ಅಲ್ಲಿಗೆ ಕತ್ತಲೆ. ಬೀಗ ಹಾಕಿ ಕೀಲಿ ಜೇಬಿನಲ್ಲೇ ಇಟ್ಟುಕೊಳ್ಳಿ ಎಂದು ನಾನು ಎಷ್ಟು ಸಲ ಹೇಳಿದರೂ ಆಗದ್ದು ಈ ಹೆಜ್ಜೆ ಸದ್ದಿನಿಂದ ಆಯಿತು.

ಆದರೆ ಹೆಡ್‌ಸೆಟ್ ಹಾಕಿದ ಹತ್ತು ನಿಮಿಷವೇ ತರಬೇತಿ ಅಲ್ಲ. ಒಬ್ಬರು ಒಳಗಿರುವಾಗ ಅವರು ನೋಡುವುದೆಲ್ಲ ಟಿವಿಯಲ್ಲಿ ಬರುತ್ತದೆ, ಉಳಿದವರು ಕೂತು ನೋಡುತ್ತಾರೆ, ಕೂಗಾಡುತ್ತಾರೆ, "ಅಲ್ಲೋ ಮಾರಾಯಾ, ಮೂಲಿಗೆ ಪ್ಯಾಡ್ ಹಾಕು" ಎನ್ನುತ್ತಾರೆ (ಪ್ಯಾಡ್ ಅಂದರೆ ಚೂಪು ಅಂಚಿಗೂ ಬೆಲ್ಟಿಗೂ ನಡುವೆ ಇಡುವ ಮೆತ್ತೆ). ಆಮೇಲೆ ಚಹಾ, ಮಿರ್ಚಿ, ಗಿರಮಿಟ್ಟು ಜೊತೆ ವಾದ ನಡೆಯುತ್ತದೆ. 577, 707 ಲೆಕ್ಕ ನಾನು ಬೋರ್ಡ್ ಮೇಲೆ ಬರೆಯುವುದು ಆಗಲೇ, ಮತ್ತು ಆಗ ಕೇಳುತ್ತಾರೆ. ಟಿವಿಗೆ ಕಾಸ್ಟ್ ಮಾಡದೆ ಒಬ್ಬೊಬ್ಬರನ್ನೇ ಮೂಲೆಯಲ್ಲಿ ಕೂರಿಸಿ ಹೆಡ್‌ಸೆಟ್ ಹಾಕಿಸುವವರನ್ನು ನೋಡಿದ್ದೇನೆ, ಅದು ಸುಮ್ನೆ ದುಡ್ಡು ದಂಡ.

ವಾಲ್ವ್ ಸೀಟ್ ಲ್ಯಾಪಿಂಗ್, ಗ್ಲ್ಯಾಂಡ್ ನಟ್ ಬಿಗಿ ಮಾಡುವುದು, ಇವೆಲ್ಲ ಕೈಗೆ ಗೊತ್ತಾಗಬೇಕಾದ ಕೆಲಸ. ವಿಆರ್‌ನಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎಷ್ಟು ನಡುಗಿದರೂ ಸ್ಪ್ಯಾನರ್ ಆಗುವುದಿಲ್ಲ. ಅದಕ್ಕೆ ನಿಜವಾದ ವಾಲ್ವ್, ನಿಜವಾದ ಮೇಸ್ತ್ರಿ ಬೇಕು. ಕ್ರೇನ್ ಕೈಸನ್ನೆಗಳನ್ನೂ ಖಾಲಿ ಹುಕ್ ಇಟ್ಟುಕೊಂಡು ಶಾಪ್‌ನಲ್ಲೇ ಕಲಿಸುತ್ತೇನೆ. ಅಪಾಯ ಇಲ್ಲದ್ದನ್ನು ವಿಆರ್‌ನಲ್ಲಿ ಯಾಕೆ ಮಾಡಬೇಕು?

ಶುರು ಮಾಡುವವರಿಗೆ ಇನ್ನೊಂದಷ್ಟು. ಕಣ್ಣು ಚಲಿಸುತ್ತಿದ್ದೇವೆ ಎನ್ನುತ್ತದೆ, ಒಳಕಿವಿ ಇಲ್ಲ ಎನ್ನುತ್ತದೆ, ಆ ಜಗಳದಲ್ಲೇ ವಾಂತಿ ಬರುವುದು. ಅದಕ್ಕೆ ಸ್ಟಿಕ್ ಒತ್ತಿ ಜಾರುತ್ತಾ ಹೋಗುವ ನಡಿಗೆ ಇಡಲೇಬೇಡಿ, ಒಂದು ಜಾಗದಿಂದ ಇನ್ನೊಂದಕ್ಕೆ ಒಮ್ಮೆಗೇ ಹಾರುವ ಹಾಗೆ ಮಾಡಿ. ಕ್ವೆಸ್ಟ್ 2ರಲ್ಲಿ ಕಣ್ಣುಗಳ ಅಂತರಕ್ಕೆ 58, 63, 68 ಮಿಲಿಮೀಟರ್ ಎಂದು ಮೂರೇ ಜಾಗ, ಪ್ರತಿಯೊಬ್ಬರಿಗೂ ಹೊಂದಿಸಿ ಕೊಡಿ. ಕನ್ನಡಕದವರಿಗೆ ಲೆನ್ಸ್ ತಾಗದಂತೆ ಜಾಗ ಬಿಡುವ ಸ್ಪೇಸರ್ ಹಾಕಿ. ಏಪ್ರಿಲ್ ಸೆಕೆಯಲ್ಲಿ ಬಟ್ಟೆಯ ಮುಖಕವಚ ಬೆವರಿನಿಂದ ನಾರುತ್ತದೆ, ಸಿಲಿಕೋನ್ ತಗೊಳ್ಳಿ, ಒಬ್ಬರಾದ ಮೇಲೆ ಒಬ್ಬರಿಗೆ ಒರೆಸಿ ಕೊಡಿ. ಲೆನ್ಸ್ ಮೇಲೆ ಬಿಸಿಲು ಬಿದ್ದರೆ ಒಳಗಿನ ಪರದೆ ಸುಡುತ್ತದೆ, ಕಿಟಕಿ ಹತ್ತಿರ ಮಗುಚಿ ಇಡಬೇಡಿ. ಕರೆಂಟ್ ಹೋದರೆ ಬ್ಯಾಟರಿ ಇದೆಯಲ್ಲ ಅನಿಸುತ್ತದೆ, ಆದರೆ ಅದರ ಕ್ಯಾಮೆರಾಗಳಿಗೆ ಕೋಣೆ ಕಾಣಬೇಕು, ಕತ್ತಲಲ್ಲಿ ನೀವು ಎಲ್ಲಿದ್ದೀರಿ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ವೈಫೈ ರೂಟರ್, ಎರಡು ಲೈಟ್ ಯುಪಿಎಸ್ ಮೇಲೆ ಇರಲಿ.

ಫಲಿತಾಂಶ ಹೇಗೆ ಅಳೆದಿರಿ ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ತರಬೇತಿಯ ಫಲ ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರು 1959ರಲ್ಲಿ ಬರೆದ ನಾಲ್ಕು ಮೆಟ್ಟಿಲು ಇಂದಿಗೂ ಸಾಕು: ಇಷ್ಟ ಆಯಿತೇ, ಕಲಿತರೇ, ಕೆಲಸದಲ್ಲಿ ಮಾಡುತ್ತಾರೆಯೇ, ಸಂಸ್ಥೆಗೆ ಲಾಭ ಆಯಿತೇ. ವಿಆರ್ ಕೊಟ್ಟರೆ ಮೊದಲನೆಯದಕ್ಕೆ ಎಲ್ಲರೂ ಸೂಪರ್ ಅಂತಾರೆ, ಆ ಫಾರ್ಮ್ ತುಂಬಿಸಿ ಪ್ರಯೋಜನ ಇಲ್ಲ. ನಾನು ನೋಡುವುದು ಮೂರನೆಯದು. ಹೇಳದೇ ಕೇಳದೇ ಕ್ರೇನ್ ಬೇ ಹತ್ತಿರ ಹೋಗಿ ನಿಲ್ಲುತ್ತೇನೆ. ಮೂಲೆಗೆ ಪ್ಯಾಡ್ ಬಿದ್ದಿದೆಯೇ, ಉದ್ದದ ಸ್ಲಿಂಗ್ ಬಂದಿದೆಯೇ, ಬೀಗದ ಕೀಲಿ ಯಾರ ಜೇಬಿನಲ್ಲಿದೆ. ಪ್ಯಾಡ್ ಈಗ ಬೀಳುತ್ತದೆ. ಉದ್ದದ ಸ್ಲಿಂಗ್ ಪೂರ್ತಿ ಬಗೆಹರಿದದ್ದು ವಿಆರ್‌ನಿಂದಲ್ಲ, ಸ್ಲಿಂಗ್ ಸ್ಟ್ಯಾಂಡನ್ನು ಸ್ಟೋರ್‌ನಿಂದ ತಂದು ಬೇ ಪಕ್ಕ ನಿಲ್ಲಿಸಿದ ಮೇಲೆ. ಹೆಡ್‌ಸೆಟ್ ಮಾರುವವರು ಇದನ್ನು ಹೇಳುವುದಿಲ್ಲ ಬಿಡಿ.

ಈಚೆಗೆ ಬ್ಯಾಡಗಿ ಕಡೆಯ ಕೋಲ್ಡ್ ಸ್ಟೋರೇಜ್‌ನವರೊಬ್ಬರು ತಂಪು ಮಾಡಲು ಬಳಸುವ ಅಮೋನಿಯಾ ಸೋರಿಕೆಗೆ ಇಂಥದ್ದು ಮಾಡಬಹುದೇ ಎಂದು ಕೇಳಿದರು. ಮಾಡಬಹುದು, ಯಾಕಂದ್ರೆ ಮೆಣಸಿನಕಾಯಿ ಚೀಲಗಳ ನಡುವೆ ನಿಜವಾಗಿ ಅಮೋನಿಯಾ ಬಿಟ್ಟು ಕಲಿಸಲು ಆಗುವುದಿಲ್ಲ. ವಾಸನೆ ಮಾತ್ರ ಬರುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. ಯಾವ ವಾಲ್ವ್ ಮೊದಲು ಮುಚ್ಚಬೇಕು, ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ ಯಾವ ಬಾಗಿಲಿನಿಂದ ಓಡಬೇಕು, ಇಷ್ಟು ಕಲಿಸಬಹುದು. ಪೈಪಿಂಗ್ ಡ್ರಾಯಿಂಗ್ ಕಳಿಸಿ ಎಂದಿದ್ದೇನೆ. ಡ್ರಾಯಿಂಗ್ ಇಲ್ಲ, ಎಲ್ಲಾ ಹಳೇ ಫಿಟ್ಟರ್ ತಲೆಯಲ್ಲಿದೆ ಅಂದರು. ಹಾಗಾದರೆ ಮೊದಲು ಅವರನ್ನು ಕರೆದುಕೊಂಡು ಫೋನ್ ಹಿಡಿದು ಪ್ಲಾಂಟ್ ಪೂರ್ತಿ ಸುತ್ತಿ, ಒಂದೊಂದು ವಾಲ್ವ್‌ಗೂ ಟ್ಯಾಗ್ ಕಟ್ಟಿ, ಹೆಡ್‌ಸೆಟ್ ಆಮೇಲೆ ಕೊಳ್ಳಿ ಎಂದು ಹೇಳಿದ್ದೇನೆ.