ಟೇಕಲ್ ಬಂತು ಅಂದರೆ ಆಟ ಬಂದ್

ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ಬಾಗಿಲ ಹತ್ತಿರ ಒರಗಿಕೊಂಡು ಮೊಬೈಲು. ಹೋದ ವರ್ಷ ಒಂದು ಪಜಲ್ ಆಟದ ಹುಚ್ಚು ಹಿಡಿದಿತ್ತು. ಬಣ್ಣಬಣ್ಣದ ಹರಳು ಜೋಡಿಸುವುದು, ಅಷ್ಟೇ. ಎದುರಾಳಿ ಇಲ್ಲ, ಜೊತೆಗಾರ ಇಲ್ಲ. ಆದರೂ ಟೇಕಲ್ ಹತ್ತಿರ ಬಂಡೆಗುಡ್ಡಗಳು ಕಾಣಿಸಿಕೊಳ್ಳುತ್ತಿದ್ದಂತೆ ಪರದೆಯ ಮಧ್ಯೆ ಚಕ್ರ ತಿರುಗಲು ಶುರು. ‘ಸಂಪರ್ಕ ಕಡಿದಿದೆ, ಮತ್ತೆ ಪ್ರಯತ್ನಿಸಿ.’ ಮತ್ತೆ ಒತ್ತಿದರೆ ಮತ್ತೆ ಚಕ್ರ. ಮಾಲೂರು ಸ್ಟೇಷನ್ ಹತ್ತಿರ ನೆಟ್ ಬಂದಾಗ ಆಟ ತೆರೆದುಕೊಳ್ಳುತ್ತಿತ್ತು, ಆದರೆ ಮೊದಲಿನಿಂದ. ಮೇಲೆ ಒಂದು ಜೀವವೂ, ಅಂದರೆ ಆಡಲು ಇರುವ ಒಂದು ಅವಕಾಶವೂ, ಕಟ್.

ಒಂದು ಬೆಳಗ್ಗೆ ವಾರದಿಂದ ಒದ್ದಾಡಿದ ಹಂತ ಮುಗಿಯಲು ಎರಡೇ ನಡೆ ಬಾಕಿ ಇದ್ದಾಗ ಹೀಗಾಯಿತು. ಮಾಲೂರಿನಲ್ಲಿ ಇಳಿಯುವ ಮೇಷ್ಟ್ರೊಬ್ಬರು ನಮ್ಮ ಬೋಗಿಯ ಖಾಯಂ ಗಿರಾಕಿ. ನನ್ನ ಮುಖ ನೋಡಿ, “ಏನಪ್ಪಾ, ಫೋನ್ ಹೊರಗೆ ಎಸೆದುಬಿಡ್ತೀಯೇನೋ?” ಅಂದರು. “ಟವರ್ ಫುಲ್ ಇದೆ ಸಾರ್, ನೆಟ್ ಇಲ್ಲ” ಅಂದೆ. ಈ ಮಾತು ನಮ್ಮ ಬೋಗಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಬಹುದು. ಪರದೆಯ ಮೇಲಿನ ಕಡ್ಡಿಗಳು ಟವರಿನ ಸಿಗ್ನಲ್ ಎಷ್ಟು ಗಟ್ಟಿಯಾಗಿ ಬರುತ್ತಿದೆ ಅಂತ ಮಾತ್ರ ಹೇಳುತ್ತವೆ. ನಮಗೆ ಡೇಟಾ ಕೊಡಲು ಆ ಟವರಿಗೆ ಪುರುಸೊತ್ತಿದೆಯೇ ಅನ್ನುವುದು ಬೇರೆ ಕಥೆ. ತುಂಬಿದ ರೈಲು ಬಂತೆಂದರೆ ಅಷ್ಟೂ ಫೋನುಗಳು ಒಂದೇ ಏಟಿಗೆ ಹಳೆ ಟವರು ಬಿಟ್ಟು ಹೊಸದಕ್ಕೆ ಜೋತು ಬೀಳುತ್ತವೆ.

ನೆಟ್ವರ್ಕಿನವರನ್ನು ಬೈಯುವುದು ಸುಲಭ. ನನ್ನ ಸಿಟ್ಟು ಆಟದ ಮೇಲಿತ್ತು. ಹರಳು ಇರುವುದು ನನ್ನ ಫೋನಿನಲ್ಲಿ, ಸರಿಸುವ ಬೆರಳು ನನ್ನದು, ಇದಕ್ಕೆ ನೆಟ್ ಯಾಕೆ? ನಾನು ವೆಬ್ ಪೇಜ್ ಮಾಡುವ ಕೆಲಸದವನು, ಕಾರಣ ಅಂದಾಜಾಗದೆ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಇಂಥ ಆಟದಲ್ಲಿ ಜೀವ ಖಾಲಿಯಾದರೆ, ಹೊತ್ತು ಕಳೆದು ಅದು ಮತ್ತೆ ತುಂಬುವವರೆಗೆ ಕಾಯದೆ ಫೋನಿನ ತಾರೀಖನ್ನೇ ಒಂದು ದಿನ ಮುಂದಕ್ಕೆ ಹಾಕಿಬಿಡುತ್ತಿದ್ದೆವು. ಜೀವ ಪೂರ್ತಿ! ಇಂಥ ಕಳ್ಳಾಟ ತಡೆಯಬೇಕೆಂದರೆ ಆಟದವರು ಗಡಿಯಾರವನ್ನು ತಮ್ಮ ಸರ್ವರಿನಲ್ಲೇ, ಅಂದರೆ ನೆಟ್ಟಿನ ಆಚೆ ಇರುವ ತಮ್ಮ ಕಂಪ್ಯೂಟರಿನಲ್ಲೇ, ಇಟ್ಟುಕೊಳ್ಳಬೇಕು. ಗಡಿಯಾರದ ಹಿಂದೆ ಆಟದೊಳಗಿನ ನಾಣ್ಯದ ಲೆಕ್ಕವೂ ಹೋಗುತ್ತದೆ, ಯಾಕೆಂದರೆ ಆ ನಾಣ್ಯವನ್ನು ನಿಜವಾದ ದುಡ್ಡಿಗೆ ಮಾರುತ್ತಾರೆ. ಇನ್ನು ಜಾಹೀರಾತು, ಅದು ನೆಟ್ ಇಲ್ಲದೆ ಬರುವುದೇ ಇಲ್ಲ. ನಕಲಿ ಕಾಪಿಯ ಭಯ ಬೇರೆ. 2016ರ ಡಿಸೆಂಬರಿನಲ್ಲಿ ಐಫೋನಿಗೆ ಬಂದ ಸೂಪರ್ ಮಾರಿಯೋ ರನ್ ಮೊದಲ ಕೆಲವು ಹಂತ ಬಿಟ್ಟರೆ ದುಡ್ಡು ಕೊಟ್ಟು ಆಡುವ ಆಟ, ಆದರೂ ಆಡುವಷ್ಟು ಹೊತ್ತೂ ನೆಟ್ ಬೇಕಿತ್ತು. ನಿಂಟೆಂಡೊ ಕೊಟ್ಟ ಕಾರಣ ಭದ್ರತೆ. 2013ರ ಮಾರ್ಚಿನಲ್ಲಿ ಕಂಪ್ಯೂಟರಿಗೆ ಬಂದ ಸಿಮ್‌ಸಿಟಿಯದೂ ಅದೇ ಪಾಡು. ಒಬ್ಬರೇ ಕೂತು ಊರು ಕಟ್ಟುವ ಆಟಕ್ಕೆ ಸರ್ವರ್ ಕಡ್ಡಾಯ ಅಂದರು, ಬಿಡುಗಡೆಯ ದಿನಗಳಲ್ಲೇ ಸರ್ವರು ಕೈಕೊಟ್ಟಿತು. ವರ್ಷ ಕಳೆದ ಮೇಲೆ ನೆಟ್ ಇಲ್ಲದೆ ಆಡುವ ದಾರಿ ಬಿಟ್ಟರು. ಅಂದರೆ ಆಗುತ್ತಿತ್ತು ಅಂತಾಯಿತು.

ಒಂದು ಭಾನುವಾರ ಕೂತು, ನೆಟ್ ಇಲ್ಲದೆ ನಡೆಯದ ಆಟಗಳನ್ನೆಲ್ಲ ಫೋನಿನಿಂದ ಗುಡಿಸಿದೆ. ಪರೀಕ್ಷೆ ಹೀಗೆ. ಆಟವನ್ನು ಮನೆಯ ವೈಫೈನಲ್ಲಿ ಇಳಿಸಿಕೊಂಡು ಎರಡು ಮೂರು ಹಂತ ಆಡಬೇಕು, ಯಾಕೆಂದರೆ ಕೆಲವು ಆಟಗಳು ಬಾಕಿ ಚಿತ್ರ, ಸದ್ದನ್ನು ಆಮೇಲೆ ತರಿಸಿಕೊಳ್ಳುತ್ತವೆ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಆಟವನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಬೇಕು. ಮುಚ್ಚದೆ ಪರೀಕ್ಷೆ ಮಾಡಿ ನಾನೇ ಮೋಸಹೋಗಿದ್ದೇನೆ: ಒಳಗಿರುವಾಗ ಏನೂ ತಕರಾರಿಲ್ಲ, ಹೊರಗೆ ಬಂದು ಮತ್ತೆ ಹೋದರೆ ಬಾಗಿಲಲ್ಲೇ ತಡೆ. ಒಂದು ಆಟವಂತೂ ಆ ದಿನ ಪಾಸಾಗಿ, ಮಾರನೇ ದಿನ ರೈಲಿನಲ್ಲಿ ‘ಒಮ್ಮೆ ಲಾಗಿನ್ ಆಗಿ’ ಅಂತ ಕೂತುಬಿಟ್ಟಿತು. ಹಾಗಾಗಿ ಈಗ ಫೋನನ್ನು ರಾತ್ರಿಯಿಡೀ ನೆಟ್ ಇಲ್ಲದೆ ಇಟ್ಟು, ಬೆಳಗ್ಗೆ ಆಫ್ ಮಾಡಿ ಆನ್ ಮಾಡಿ ನೋಡುತ್ತೇನೆ. ಹರಳಿನ ಆಟ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಉಳಿದದ್ದು ಫೋನಿನ ಜೊತೆಗೇ ಆಡುವ ಚೆಸ್ಸು, ಒಂದು ಸುಡೊಕು, ಮತ್ತೆ ಲೂಡೋ ಕಿಂಗ್. ಲೂಡೋ ಕಿಂಗ್‌ನಲ್ಲಿ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡುವುದಕ್ಕೆ ನೆಟ್ ಬೇಡ.

ಆ ಲೂಡೋ ನೋಡಿಯೇ ಮೇಷ್ಟ್ರು, “ಇದಕ್ಕಿಂತ ಚೌಕಾಬಾರ ವಾಸಿ ಕಣಪ್ಪಾ” ಅಂದಿದ್ದು. ಎರಡು ಭಾನುವಾರ ಖರ್ಚು ಮಾಡಿ ನಾನೇ ಮಾಡಿದೆ. ಐದೈದು ಮನೆಯ ಚೌಕ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ದಾಳದ ಬದಲು ಹುಣಸೆ ಬೀಜ. ಹೊರಸುತ್ತು ಹದಿನಾರು ಮನೆ, ಒಳಸುತ್ತು ಎಂಟು, ನಡುವೆ ಒಂದು. ಒಬ್ಬರನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಆಟವನ್ನು ಒಂದು ವೆಬ್ ಪೇಜ್ ಆಗಿ ಬರೆದು, ಸರ್ವಿಸ್ ವರ್ಕರ್ ಅನ್ನುವ ಸಣ್ಣ ಕೋಡ್ ಸೇರಿಸಿದೆ. ಒಮ್ಮೆ ನೆಟ್ ಇದ್ದಾಗ ಪೇಜ್ ತೆರೆದರೆ ಅದು ಎಲ್ಲ ಫೈಲುಗಳನ್ನೂ ಫೋನಿನೊಳಗೆ ಬಚ್ಚಿಟ್ಟುಕೊಳ್ಳುತ್ತದೆ, ಮುಂದೆ ನೆಟ್ ಕೇಳುವುದಿಲ್ಲ.

ಮೊದಲು ತೋರಿಸಿದ್ದು ಶ್ರೀನಿವಾಸಪುರದ ಹತ್ತಿರ ಊರಲ್ಲಿರುವ ಅಜ್ಜಿಗೆ. ಅಜ್ಜಿಗೆ ಇದು ಅಷ್ಟಾಚೆಮ್ಮ. ನಾಲ್ಕು ಬಿದ್ದರೆ ನಮಗೆ ಚೌಕ, ಅಜ್ಜಿಗೆ ಚಮ್ಮ; ಎಂಟು ಬಿದ್ದರೆ ನಮಗೆ ಬಾರ, ಅಜ್ಜಿಗೆ ಅಷ್ಟ. ಹತ್ತು ನಿಮಿಷ ಆಡಿ, ಕನ್ನಡಕ ಹಣೆಗೆ ಏರಿಸಿ, “ಇದೇನೋ, ಬೀಜಾನಾ ಲಾಟ್ರೀನಾ? ಎತ್ತಿದರೆ ಅಷ್ಟ, ಎತ್ತಿದರೆ ಚಮ್ಮ!” ಅಂದರು. ಆಟದ ದೋಷ ಹಿಡಿಯಲು ಇಷ್ಟು ಚುರುಕಿನವರನ್ನು ನಮ್ಮ ಆಫೀಸಿನಲ್ಲೂ ಕಂಡಿಲ್ಲ.

ಆಗಿದ್ದೇನೆಂದರೆ, ಒಂದು, ಎರಡು, ಮೂರು, ನಾಲ್ಕು, ಎಂಟು ಈ ಐದರಲ್ಲಿ ಯಾವುದಾದರೂ ಒಂದನ್ನು ಎತ್ತು ಅಂತ ಬರೆದುಬಿಟ್ಟಿದ್ದೆ. ಐದಕ್ಕೂ ಸಮಪಾಲು, ಹಾಗಾಗಿ ಐದು ಸಲದಲ್ಲಿ ಎರಡು ಸಲ ಚೌಕ ಇಲ್ಲವೇ ಬಾರ. ಅಜ್ಜಿ ಒಳಗಿಂದ ನಾಲ್ಕು ಹುಣಸೆ ಬೀಜ ತಂದು ಜಗಲಿಯ ಮೇಲೆ ಉರುಳಿಸಿದರು. ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಬೀಜ. ಎಷ್ಟು ಬಿಳಿ ಮೇಲೆ ಬಂದರೆ ಅಷ್ಟು, ಒಂದೂ ಬಾರದಿದ್ದರೆ ಎಂಟು. ಪ್ರತಿ ಬೀಜಕ್ಕೂ ಎರಡೇ ದಾರಿ, ನಾಲ್ಕಕ್ಕೆ ಸೇರಿ ಹದಿನಾರು. ಅದರಲ್ಲಿ ಎರಡು ಬೀಳಲು ಆರು ದಾರಿ, ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು. ಹದಿನಾರರಲ್ಲಿ ಎರಡು! ನಿಜವಾದ ಬೀಜ ಇಷ್ಟು ಲೆಕ್ಕಾಚಾರವಾಗಿ ಬೀಳುವುದಿಲ್ಲ, ಅದರ ಸೊಟ್ಟತನ ಅದಕ್ಕೆ. ಆದರೂ ಕೋಡಿನಲ್ಲಿ ನಾಲ್ಕು ಬೀಜವನ್ನೂ ಬೇರೆಬೇರೆಯಾಗಿ ಉರುಳಿಸಿದ ಮೇಲೆ ಅಜ್ಜಿ “ಹ್ಞೂಂ” ಅಂದರು. ಚೌಕ ಬಿದ್ದಾಗ ಮತ್ತೊಂದು ಸಲ ಆಡಲು ಸಿಗುವುದರ ಖುಷಿ ಇರುವುದೇ ಅದು ಅಪರೂಪ ಅನ್ನುವುದರಲ್ಲಿ.

ರೈಲಿನಲ್ಲಿ ಮಾತ್ರ ಮರ್ಯಾದೆ ಹೋಯಿತು. ಬೀಜ ಸರಿಮಾಡಿ ವಾರವಾದರೂ ಮೇಷ್ಟ್ರ ಫೋನಿನಲ್ಲಿ ಎತ್ತಿದರೆ ಬಾರ. ನೋಡಿದರೆ, ಫೈಲು ಬಚ್ಚಿಟ್ಟುಕೊಳ್ಳುವ ಜಾಗದ ಹೆಸರನ್ನು ನಾನು ಬದಲಿಸಿರಲಿಲ್ಲ. ಅವರ ಫೋನು ಹಳೇ ಫೈಲನ್ನೇ ನಿಯತ್ತಾಗಿ ತೆಗೆದು ಕೊಡುತ್ತಿತ್ತು, ಹೊಸದು ಬಂದಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ನೆಟ್ ಕೇಳಬೇಡ ಅಂತ ನಾನೇ ತಾನೇ ಹೇಳಿಕೊಟ್ಟಿದ್ದು! ಹೆಸರಿನ ಕೊನೆಗೆ ಎರಡು ಅಂತ ಸೇರಿಸಿ, ಮಾಲೂರಿನಲ್ಲಿ ಅವರು ಇಳಿಯುವ ಮುಂಚೆ ಒಮ್ಮೆ ನೆಟ್ ಹಾಕಿಸಿ ಪೇಜ್ ತೆರೆಸಿದೆ. ಅಲ್ಲಿಂದಾಚೆ ಏನೇ ಬದಲಿಸಿದರೂ ಮೊದಲು ಆ ಸಂಖ್ಯೆ ಮುಟ್ಟುತ್ತೇನೆ.

ಇನ್ನೊಂದು ಜಾಣತನವನ್ನೂ ಕಿತ್ತುಹಾಕಿದೆ. ಯಾರ ಸರದಿಯೋ ಅವರ ಕಡೆಗೆ ಪರದೆಯ ಮೇಲಿನ ಮನೆಗಳ ಚೌಕ ತಾನಾಗಿ ತಿರುಗುವ ಹಾಗೆ ಮಾಡಿದ್ದೆ. ನಿಂತುಕೊಂಡು ಆಡುವ ನಾಲ್ಕು ಜನಕ್ಕೂ ತಲೆ ಸುತ್ತಿತು.

ಪ್ರತಿ ನಡೆಯೂ ಫೋನಿನಲ್ಲೇ ಉಳಿಯುವುದರಿಂದ ಮೇಷ್ಟ್ರು ಮಾಲೂರಿನಲ್ಲಿ ಇಳಿದರೆ ಆಟ ಅಲ್ಲಿಗೇ ನಿಂತು, ಸಂಜೆ ಅವರು ಹತ್ತಿದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಸದ್ಯ ಅವರ ಮೂರು ಕಾಯಿ ನಡುಮನೆ ಸೇರಿ ಹಣ್ಣಾಗಿವೆ. ನಾಲ್ಕನೆಯದು ನಡುಮನೆಯ ಹೊಸ್ತಿಲಲ್ಲಿದೆ, ಸರಿಯಾಗಿ ಒಂದೇ ಬೀಳಬೇಕು, ನಿನ್ನೆ ಸಂಜೆಯಿಂದ ಬಿದ್ದಿಲ್ಲ. “ಬೀಜದೊಳಗೆ ನೀನೇ ಏನೋ ಕೈವಾಡ ಮಾಡಿದ್ದೀಯ” ಅಂತ ಇವತ್ತು ಬೆಳಗ್ಗೆ ಇಳಿಯುವಾಗಲೂ ಬೈದು ಹೋದರು.