ಎಲಿಮೆಂಟ್ ನಂಬರ್ ನಂಬಿ ಲೋಡ್ ಹಾಕಬೇಡಿ

ಜಿಮೆಶ್ ಅಂದರೆ ಆಕಾರವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆಯುವ, ಅಂದರೆ ಮೆಶ್ ಮಾಡುವ, ಸಾಫ್ಟ್‌ವೇರ್. ಅದರಲ್ಲಿ ಒಂದು ಡಬ್ಬ ಬರೆದು, ಪ್ರತಿ ಅಂಚೂ ಎರಡೇ ತುಂಡಾಗುವ ಹಾಗೆ ಮೆಶ್ ಮಾಡಿ. ಫಿಸಿಕಲ್ ಗ್ರೂಪ್ (ಆಕಾರದ ಭಾಗಗಳನ್ನು ಸೇರಿಸಿ ಹೆಸರಿಡುವ ಗುಂಪು) ಸದ್ಯಕ್ಕೆ ಬೇಡ. ಫೈಲ್ ಸೇವ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನಮಗೆ ಬೇಕಿರುವುದು ಒಳಗಿನ ಟೆಟ್ರಾಗಳು (ನಾಲ್ಕು ಮುಖದ ಘನ ತುಂಡುಗಳು) ಅಲ್ವಾ, ಆದರೆ 1ನೇ ನಂಬರ್ ಅವಕ್ಕೆ ಸಿಕ್ಕಿರುವುದಿಲ್ಲ: 8 ಮೂಲೆಗಳಿಗೆ 1ರಿಂದ 8, ಅಂಚಿನ 24 ಗೆರೆಗಳಿಗೆ 9ರಿಂದ 32, ಆಮೇಲೆ ಮೇಲ್ಮೈಯ ತ್ರಿಕೋನಗಳು, ಕೊನೆಗೆ ಟೆಟ್ರಾಗಳ ಸರದಿ. ಎಲ್ಲಾ ಒಂದೇ ಕ್ಯೂ. ನೋಡ್‌ಗಳ (ಎಲಿಮೆಂಟ್‌ಗಳ ಮೂಲೆಬಿಂದುಗಳ) ಕ್ಯೂ ಬೇರೆ, ಹಾಗಾಗಿ 20ನೇ ನೋಡ್, 20ನೇ ಎಲಿಮೆಂಟ್ ಎರಡೂ ಕಂಡರೆ ಗಾಬರಿ ಬೇಡ.

ಪೈಥಾನ್‌ನಲ್ಲಿ ಓದುವವರು ಎಡವುವುದು ಇಲ್ಲೇ. ಟ್ಯಾಗ್ (ಅಂದರೆ ಈ ನಂಬರ್) 1ರಿಂದ ಶುರು, ಅರೇ 0ಯಿಂದ. ಸುಮ್ನೆ ಒಂದು ಕಳೆದರೆ ಸಾಕು ಅಂದುಕೊಳ್ಳಬೇಡಿ, ಮೆಶ್‌ನ ಒಂದು ಭಾಗ ಅಳಿಸಿದರೆ ನಡುವಿನ ನಂಬರ್‌ಗಳು ಖಾಲಿ ಬೀಳುತ್ತವೆ, ಆಗ ಆ ಲೆಕ್ಕವೂ ಕೈಕೊಡುತ್ತದೆ. ಯಾವ ಟ್ಯಾಗ್ ಅರೇಯ ಯಾವ ಜಾಗದಲ್ಲಿದೆ ಅಂತ ಒಂದು ಡಿಕ್ಷನರಿ ಮಾಡಿಟ್ಟುಕೊಳ್ಳಿ. ಎರಡು ಸಾಲಿನ ಕೆಲಸ.

ಹಲವು ಪಾರ್ಟ್ ಸೇರಿಸುವಾಗ ಪ್ರತಿಯೊಂದಕ್ಕೂ ಮೊದಲೇ ನಂಬರ್ ಹಂಚಿಬಿಡಿ. ಫ್ರೇಮ್‌ಗೆ 1000001ರಿಂದ, ಬಾಗಿಲಿಗೆ 2000001ರಿಂದ, ಹೀಗೆ. ನಾಸ್ಟ್ರಾನ್, ಎಲ್‌ಎಸ್-ಡೈನಾ, ಅಬಾಕಸ್ ಮೂರೂ ಸಾಲ್ವರ್‌ಗಳು, ಅಂದರೆ ಮೆಶ್ ಮೇಲೆ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳು. ನಾಸ್ಟ್ರಾನ್‌ನ ಇನ್‌ಪುಟ್ ಫೈಲ್‌ನ ಸಾಮಾನ್ಯ ಫೀಲ್ಡ್‌ನಲ್ಲಿ 8 ಅಕ್ಷರಕ್ಕಷ್ಟೇ ಜಾಗ, ಅಲ್ಲಿ ತ್ರಿಕೋನವೂ ಚೌಕವೂ ಒಂದೇ ನಂಬರ್ ಹಂಚಿಕೊಳ್ಳಬಾರದು. ಎಲ್‌ಎಸ್-ಡೈನಾದಲ್ಲಿ ಇನ್‌ಕ್ಲೂಡ್ ಟ್ರಾನ್ಸ್‌ಫಾರ್ಮ್ ಕಾರ್ಡ್ (ಇನ್‌ಪುಟ್ ಫೈಲ್‌ನ ಒಂದು ಆದೇಶ) ಇದೆ. ನೋಡ್, ಎಲಿಮೆಂಟ್, ಪಾರ್ಟ್‌ಗೆ ಬೇರೆಬೇರೆ ಆಫ್‌ಸೆಟ್ ಕೊಟ್ಟರೆ ನಂಬರ್ ಕೂಡಿಸುವ ಕೆಲಸ ಅದೇ ನೋಡಿಕೊಳ್ಳುತ್ತದೆ. ಅಬಾಕಸ್‌ನ ಅಸೆಂಬ್ಲಿಯಲ್ಲಿ ಈ ತಲೆನೋವು ಕಡಿಮೆ. ಎರಡು ಇನ್‌ಸ್ಟನ್ಸ್‌ನಲ್ಲೂ (ಅಸೆಂಬ್ಲಿಯಲ್ಲಿ ಕೂರಿಸಿದ ಪಾರ್ಟ್‌ನ ಪ್ರತಿ) 15ನೇ ಎಲಿಮೆಂಟ್ ಇರಬಹುದು, ಇನ್‌ಸ್ಟನ್ಸ್ ಹೆಸರೇ ಅದರ ಇನಿಷಿಯಲ್.

ಈಗ ಮುಖ್ಯ ವಿಷಯ. ಒಂದು ಬ್ರಾಕೆಟ್‌ಗೆ ನಾನು "4100ರಿಂದ 4180" ಅಂತ ಬರೆದು ಪ್ರೆಷರ್ ಹಾಕಿದ್ದೆ. ಫಿಲೆಟ್ (ದುಂಡಗೆ ಮಾಡಿದ ಮೂಲೆ) ಹತ್ತಿರ ಮೆಶ್ ಸಣ್ಣದು ಮಾಡಿ ಮತ್ತೆ ಓಡಿಸಿದೆ. ಎರರ್ ಇಲ್ಲ, ವಾರ್ನಿಂಗೂ ಇಲ್ಲ, ಸ್ಟ್ರೆಸ್ ಮಾತ್ರ ಬೋಲ್ಟ್ ತೂತಿನ ಪಕ್ಕ ಕೆಂಪಾಗಿ ಉರಿಯುತ್ತಿತ್ತು. ಅದೇ ನಂಬರ್‌ಗಳು ಬೇರೆ ಮುಖಕ್ಕೆ ಹೋಗಿ ಕೂತಿದ್ದವು. ಅರ್ಧ ದಿನ ಮಟೀರಿಯಲ್ ಮೇಲೆ ಅನುಮಾನಪಟ್ಟೆ.

ಮೆಶ್ ಬದಲಾದರೆ ನಂಬರ್ ಹೊಸದಾಗಿ ಹುಟ್ಟುತ್ತದೆ, ಜ್ಯಾಮಿತಿಗೆ ಕಟ್ಟಿದ ಹೆಸರು ಉಳಿಯುತ್ತದೆ. ಜಿಮೆಶ್‌ನಲ್ಲಿ ಆ ಮುಖಕ್ಕೆ ಒಂದು ಫಿಸಿಕಲ್ ಗ್ರೂಪ್, ಅಬಾಕಸ್‌ನಲ್ಲಿ ಒಂದು ಸರ್ಫೇಸ್ ಮಾಡಿ, ಲೋಡನ್ನು ಅದಕ್ಕೆ ಕೊಡಿ. ಜಿಮೆಶ್‌ನಲ್ಲಿ ಒಂದು ಎಚ್ಚರ: ಒಂದೇ ಒಂದು ಗ್ರೂಪ್ ಮಾಡಿದರೂ ಸೇವ್ ಆಗುವುದು ಗ್ರೂಪ್‌ನಲ್ಲಿರುವ ಎಲಿಮೆಂಟುಗಳಷ್ಟೇ, ಹಾಗಾಗಿ ವಾಲ್ಯೂಮ್‌ಗೂ ಒಂದು ಗ್ರೂಪ್ ಹಾಕಿ.

ರಿನಂಬರ್ ಮಾಡುವುದಿದ್ದರೆ ಸಾಲ್ವರ್ ಓಡಿಸುವ ಮೊದಲೇ ಮಾಡಿ ಮುಗಿಸಿ. ಆಮೇಲೆ ಮಾಡಿದರೆ ಹಳೆಯ ರಿಸಲ್ಟ್ ಫೈಲ್‌ನ 512ನೇ ಎಲಿಮೆಂಟ್ ಹೊಸ ಮೆಶ್‌ನಲ್ಲಿ ಎಲ್ಲೋ ಇರುತ್ತದೆ.